ಮೀನಿಗೆ ವಿಷವಾದ ನೀರು ನಮಗೆ ಅಮೃತವೇ?

ಹೊಳೆಯಲ್ಲಿ ಮೀನು ಸತ್ತು ತೇಲಿತು ಎಂಬ ಸುದ್ದಿ ಬಂದಾಗಲೆಲ್ಲ ದಂಡೆಯ ಮೇಲೆ ಎರಡು ಮಾತುಗಳು ಕೇಳಿಬರುತ್ತವೆ. ಕಾರ್ಖಾನೆಯವರು ವಿಷ ಬಿಟ್ಟಿದ್ದಾರೆ ಎನ್ನುವುದು ಒಂದು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಮೀನು ಸಾಯುವುದು ಸಹಜ ಎನ್ನುವುದು ಇನ್ನೊಂದು. ಎರಡು ದಿನ ವಾದ ನಡೆಯುತ್ತದೆ; ಮೂರನೆಯ ದಿನ ಮೀನು ಕೊಳೆತು ಹೋಗುತ್ತದೆ, ನೀರು ಮುಂದೆ ಹರಿದು ಹೋಗುತ್ತದೆ, ವಾದವೂ ಅಲ್ಲಿಗೇ ನಿಲ್ಲುತ್ತದೆ. ಆದರೆ ಅದೇ ನೀರು ನಲ್ಲಿಯ ಮೂಲಕ ನಿಮ್ಮ ಮನೆಯ ಹಂಡೆಯನ್ನು ಸೇರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಯಾವ ರಾಸಾಯನಿಕ ನೀರಿನ ಜೀವಿಗಳಿಗೆ ಎಷ್ಟು ವಿಷಕಾರಿ ಎಂಬುದನ್ನು ಅಳೆಯಲು ವಿಜ್ಞಾನದಲ್ಲಿ ಖಚಿತವಾದ ವಿಧಾನಗಳಿವೆ. ಅವುಗಳ ಪರಿಚಯ ಪ್ರಯೋಗಾಲಯದವರಿಗೆ ಮಾತ್ರ ಸಾಕು ಎಂದು ಭಾವಿಸಬೇಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂತಹ ಊರುಗಳಲ್ಲಿ ಹೊಳೆಯನ್ನೇ ನಂಬಿ ಬದುಕುವ ಪ್ರತಿಯೊಬ್ಬರಿಗೂ ಅದು ತಿಳಿದಿರಬೇಕು.

ನಾಲ್ಕು ಊರು, ಎರಡು ಹೊಳೆ

ರಬಕವಿ, ಬನಹಟ್ಟಿ, ಜಮಖಂಡಿಗಳ ಕಡೆ ಕೃಷ್ಣೆ. ಮುಧೋಳದ ಮಗ್ಗುಲಲ್ಲಿ ಘಟಪ್ರಭೆ. ಚಿಕ್ಕಸಂಗಮದ ಬಳಿ ಎರಡೂ ಕೂಡಿ ಆಲಮಟ್ಟಿಯತ್ತ ಸಾಗುತ್ತವೆ. ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳ ಎದುರಿಗಿರುವುದು ಆಲಮಟ್ಟಿಯ ಹಿನ್ನೀರು. ಅಂದರೆ ಮೇಲಿನ ಊರಿನವರು ಬಿಟ್ಟದ್ದು ಕೆಳಗಿನ ಊರಿನವರ ಪಾಲಾಗುತ್ತದೆ. ಎಲ್ಲರೂ ಬಿಟ್ಟದ್ದು ಹಿನ್ನೀರಿಗೆ ಬಂದು ನಿಲ್ಲುತ್ತದೆ.

ಈ ಭಾಗದ ಉದ್ಯೋಗಗಳು ಮುಖ್ಯವಾಗಿ ಎರಡು. ರಬಕವಿ-ಬನಹಟ್ಟಿಯಲ್ಲಿ ನೇಕಾರಿಕೆ ಮತ್ತು ನೂಲಿಗೆ ಬಣ್ಣ ಹಾಕುವ ಕೆಲಸ. ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಕಬ್ಬು, ಸಕ್ಕರೆ, ಅದರ ಬೆನ್ನಿಗೆ ಡಿಸ್ಟಿಲರಿ. ಬಣ್ಣದ ಕೆಲಸದಲ್ಲಿ ಕಾಸ್ಟಿಕ್ ಸೋಡಾ, ಹೈಡ್ರೋ, ಬ್ಲೀಚಿಂಗ್ ಪುಡಿ, ಉಪ್ಪು ಮತ್ತು ನೂರಾರು ಬಗೆಯ ಬಣ್ಣಗಳು ಬಳಕೆಯಾಗುತ್ತವೆ. ಕಬ್ಬಿನ ಹೊಲಗಳಲ್ಲಿ ಕೀಟನಾಶಕ, ಕಳೆನಾಶಕಗಳುಂಟು. ಇವೆಲ್ಲ ನಮಗೆ ಅನ್ನ ಕೊಡುವ ಕಸುಬುಗಳೇ. ಅವನ್ನು ಮುಚ್ಚಬೇಕೆಂದು ಯಾರೂ ಹೇಳುತ್ತಿಲ್ಲ. ಅವುಗಳಿಂದ ಹೊರಬರುವ ನೀರನ್ನು ಅಳೆದು ನೋಡಿ, ಶುದ್ಧಮಾಡಿ ಬಿಡಬೇಕೆಂಬುದಷ್ಟೇ ಪ್ರಶ್ನೆ.

ಮೀನಿಗೇ ಏಕೆ ಮೊದಲ ಪೆಟ್ಟು?

ನಾವು ನೀರನ್ನು ಕುಡಿಯುತ್ತೇವೆ. ಮೀನು ನೀರಿನಲ್ಲೇ ಉಸಿರಾಡುತ್ತದೆ. ಅದರ ಕಿವಿರಿನ ಪೊರೆ ಬಹಳ ತೆಳು. ರಕ್ತಕ್ಕೂ ನೀರಿಗೂ ನಡುವೆ ಇರುವುದು ಆ ಪೊರೆಯೊಂದೇ. ನಾವು ಕುಡಿದ ನೀರಿನಲ್ಲಿದ್ದ ವಸ್ತು ಹೊಟ್ಟೆ, ಕರುಳು, ಯಕೃತ್ತನ್ನು ದಾಟಿ ಬರಬೇಕು. ಮೀನಿನಲ್ಲಿ ಅದು ಕಿವಿರಿನಿಂದ ನೇರವಾಗಿ ರಕ್ತಕ್ಕೆ ಇಳಿಯುತ್ತದೆ.

ಆದ್ದರಿಂದ ನಮಗೆ ನಿರುಪದ್ರವಿ ಎನಿಸಿದ್ದು ಮೀನಿಗೆ ಮಾರಕವಾಗಬಹುದು. ನಲ್ಲಿ ನೀರಿನಲ್ಲಿ ಉಳಿಯುವ ಕ್ಲೋರಿನ್ ನಮ್ಮನ್ನು ಕಾಲರಾದಿಂದ ಕಾಪಾಡುತ್ತದೆ. ಅದೇ ನೀರನ್ನು ಹಾಗೆಯೇ ಅಕ್ವೇರಿಯಂಗೆ ಸುರಿದರೆ ಮೀನು ಸಾಯುತ್ತದೆ. ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳು ಮನುಷ್ಯರಿಗೂ ದನಕರುಗಳಿಗೂ ಹಳೆಯ ಔಷಧಗಳಷ್ಟು ಅಪಾಯಕರವಲ್ಲ ಎಂದು ಹೆಸರಾದವು. ಆದರೆ ಮೀನು, ಏಡಿ, ನೀರಿನ ಹುಳುಗಳಿಗೆ ಅವು ಅತಿ ಘೋರ ವಿಷ. ಸಿಂಪರಣೆ ಮುಗಿಸಿ ಪಂಪನ್ನು ಹೊಳೆಯಲ್ಲಿ ತೊಳೆಯುವ ಅಭ್ಯಾಸ ಎಷ್ಟು ಕೆಟ್ಟದ್ದೆಂಬುದು ಇದರಿಂದ ತಿಳಿಯುತ್ತದೆ.

ವಿಷವನ್ನು ಅಳೆಯುವ ಬಗೆ

ಪರೀಕ್ಷೆಯ ತತ್ತ್ವ ಸರಳವಾದದ್ದು. ಐದು ತೊಟ್ಟಿಗಳಲ್ಲಿ ಶುದ್ಧ ನೀರು ತುಂಬಿ, ಪರೀಕ್ಷಿಸಬೇಕಾದ ರಾಸಾಯನಿಕವನ್ನು ಲೀಟರಿಗೆ 1, 2, 4, 8, 16 ಮಿಲಿಗ್ರಾಂ ಹೀಗೆ ಏರುವ ಪ್ರಮಾಣದಲ್ಲಿ ಬೆರೆಸುತ್ತಾರೆ. ಆರನೆಯ ತೊಟ್ಟಿಯಲ್ಲಿ ಬರೀ ನೀರು. ಪ್ರತಿಯೊಂದರಲ್ಲೂ ಒಂದೇ ಗಾತ್ರದ ಹತ್ತು ಮೀನು ಬಿಟ್ಟು 96 ಗಂಟೆ, ಅಂದರೆ ನಾಲ್ಕು ದಿನ ಕಾಯುತ್ತಾರೆ. ಒಂದನೆಯ ತೊಟ್ಟಿಯಲ್ಲಿ ಎಲ್ಲವೂ ಬದುಕಿದವು, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಒಂಬತ್ತು, ಐದನೆಯದರಲ್ಲಿ ಹತ್ತೂ ಸತ್ತವು ಎಂದುಕೊಳ್ಳಿ. ಅರ್ಧದಷ್ಟು ಮೀನುಗಳನ್ನು ಕೊಂದ ಪ್ರಮಾಣ ಲೀಟರಿಗೆ 4 ಮಿಲಿಗ್ರಾಂ. ಇದನ್ನೇ ‘ಎಲ್‌ಸಿ–50’ ಎನ್ನುತ್ತಾರೆ. ಈ ಅಂಕಿ ಚಿಕ್ಕದಾದಷ್ಟೂ ವಿಷ ದೊಡ್ಡದು.

ಬರೀ ನೀರಿನ ತೊಟ್ಟಿಯಲ್ಲೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ ಆ ಪರೀಕ್ಷೆಯನ್ನೇ ತಳ್ಳಿಹಾಕಬೇಕು. ಏಕೆಂದರೆ ಸಾವಿಗೆ ಕಾರಣ ಬೇರೇನೋ ಇರಬಹುದು. ಇಷ್ಟು ಕಟ್ಟುನಿಟ್ಟು ಇರುವುದರಿಂದಲೇ ಈ ಪರೀಕ್ಷೆಗೆ ನ್ಯಾಯಾಲಯದಲ್ಲೂ ಬೆಲೆಯುಂಟು.

ಮೀನೊಂದನ್ನೇ ನೋಡಿದರೆ ಸಾಲದು. ಮೀನಿನ ಊಟವಾದ ನೀರುಚಿಗಟಗಳ ಮೇಲೆ 48 ಗಂಟೆ, ಆ ಚಿಗಟಗಳ ಊಟವಾದ ಪಾಚಿಯ ಮೇಲೆ 72 ಗಂಟೆ ಪರೀಕ್ಷೆ ನಡೆಸುತ್ತಾರೆ. ಪಾಚಿ ಸತ್ತರೆ ಚಿಗಟ ಉಪವಾಸ, ಚಿಗಟ ಸತ್ತರೆ ಮೀನು ಉಪವಾಸ. ಮೂರರಲ್ಲಿ ಯಾವುದು ಅತಿ ಸೂಕ್ಷ್ಮವೋ ಅದರ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ.

ಜಗತ್ತಿನ ಪ್ರಯೋಗಾಲಯಗಳು ಇದಕ್ಕೆ ಹೆಚ್ಚಾಗಿ ಬಳಸುವ ಜೀಬ್ರಾ ಮೀನು ನಮ್ಮ ಉಪಖಂಡದ್ದೇ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ವೈದ್ಯ ಗಂಗಾ ಬಯಲಿನ ಮೀನುಗಳ ನಡುವೆ ಅದನ್ನು ಮೊದಲು ವರ್ಣಿಸಿದ. ನಮ್ಮ ರೋಹು, ಕಾಟ್ಲಾಗಳ ಮೇಲೂ ಅಧ್ಯಯನಗಳು ನಡೆದಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಕೀಟನಾಶಕಗಳ ವಿಷಯದಲ್ಲಿ ಇಂತಹ ಕೆಲಸ ಮಾಡಿದೆ. ಈಚೆಗೆ ಬೆಳೆದ ಮೀನುಗಳ ಬದಲು ಮೀನಿನ ಭ್ರೂಣಗಳನ್ನು ಬಳಸುವ ವಿಧಾನಕ್ಕೆ 2013ರಲ್ಲಿಯೂ, ಕಿವಿರಿನ ಜೀವಕೋಶಗಳನ್ನಷ್ಟೇ ಬಳಸುವ ವಿಧಾನಕ್ಕೆ 2021ರಲ್ಲಿಯೂ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ.

ಸಾಯದಿದ್ದರೆ ಕ್ಷೇಮವೇ?

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ನಾಲ್ಕು ದಿನದಲ್ಲಿ ಸಾಯದ ಮೀನು ನಾಲ್ಕು ತಿಂಗಳಲ್ಲಿ ಮೊಟ್ಟೆಯಿಡದೆ ಹೋಗಬಹುದು, ಮರಿಗಳು ಊನವಾಗಬಹುದು. ಅದಕ್ಕಾಗಿ ನೀರುಚಿಗಟಗಳ ಸಂತಾನವನ್ನು 21 ದಿನ ಗಮನಿಸುವ, ಮೀನಿನ ಮೊಟ್ಟೆ ಮರಿಯಾಗಿ ಬೆಳೆಯುವವರೆಗೆ ನೋಡುವ ದೀರ್ಘ ಪರೀಕ್ಷೆಗಳಿವೆ. ಅಂತಹ ಪರೀಕ್ಷೆ ನಡೆಯದ ರಾಸಾಯನಿಕವಾದರೆ, ತಜ್ಞರು ಅಲ್ಪಾವಧಿಯ ಅಂಕಿಯನ್ನು ಒಂದು ಸಾವಿರದಿಂದ ಭಾಗಿಸಿ ಬಂದದ್ದನ್ನು ಸುರಕ್ಷಿತ ಮಿತಿ ಎಂದು ಹಿಡಿಯುತ್ತಾರೆ.

ಲೆಕ್ಕ ಹಾಕಿ ನೋಡಿ. ಒಂದು ರಾಸಾಯನಿಕದ ಅಂಕಿ ಲೀಟರಿಗೆ 10 ಮಿಲಿಗ್ರಾಂ ಇದ್ದರೆ ಅದರ ಸುರಕ್ಷಿತ ಮಿತಿ 0.01 ಮಿಲಿಗ್ರಾಂ. ಅಂತಹ ವಸ್ತು ಒಂದು ಕಿಲೋ ಚರಂಡಿಗೆ ಬಿದ್ದರೆ ಅದು ನಿರಪಾಯವಾಗಲು 10 ಕೋಟಿ ಲೀಟರ್ ನೀರು ಬೇಕು. ‘ಹೊಳೆ ದೊಡ್ಡದು, ಎಲ್ಲವನ್ನೂ ನುಂಗುತ್ತದೆ’ ಎಂಬ ಮಾತು ಮಳೆಗಾಲದಲ್ಲಿ ಅಷ್ಟಿಷ್ಟು ನಿಜವಾಗಬಹುದು. ಆದರೆ ಕಬ್ಬು ನುರಿಸುವ ಹಂಗಾಮು ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆಯ ಬಾಗಿಲವರೆಗೆ ನಡೆಯುತ್ತದೆ. ಹೊಳೆ ಇಳಿಯುತ್ತ ಹೋಗುವುದೂ, ಬ್ಯಾರೇಜುಗಳಲ್ಲಿ ನೀರು ನಿಲ್ಲುವುದೂ ಅದೇ ತಿಂಗಳುಗಳಲ್ಲಿ. ಹೊಳೆಗೆ ಶಕ್ತಿ ಕಡಿಮೆಯಿದ್ದಾಗಲೇ ಭಾರ ಹೆಚ್ಚು ಎಂದಾಯಿತು.

ಉಸಿರುಗಟ್ಟಿ ಸಾಯುವುದು

ಎಲ್ಲ ಸಾವೂ ವಿಷದಿಂದ ಆದದ್ದಲ್ಲ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಳೆನೀರಿನ ಒಂದು ಲೀಟರಿನಲ್ಲಿ ಕರಗಿರಬಲ್ಲ ಆಮ್ಲಜನಕ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಮೀನುಗಾರಿಕೆಗೆ ಯೋಗ್ಯ ಎನಿಸಲು ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಂದು ನೀರು, ಸ್ಪೆಂಟ್ ವಾಶ್, ಕೊಳೆಯುವಾಗ ಲೀಟರಿಗೆ 40,000 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲಾಗಿ ಆಮ್ಲಜನಕವನ್ನು ಹೀರಬಲ್ಲದು. ಅಂದರೆ ಅದರ ಒಂದು ಲೀಟರ್, ಐದು ಸಾವಿರ ಲೀಟರಿಗೂ ಹೆಚ್ಚು ಹೊಳೆನೀರಿನ ಉಸಿರನ್ನು ಕಿತ್ತುಕೊಳ್ಳುತ್ತದೆ! ಒಂದು ಲೀಟರ್ ಮದ್ಯಸಾರಕ್ಕೆ ಇಂತಹ ನೀರು ಹತ್ತರಿಂದ ಹದಿನೈದು ಲೀಟರ್ ಬರುತ್ತದೆ. ಕಾಕಂಬಿಯ ಡಿಸ್ಟಿಲರಿಗಳು ಇದರ ಒಂದು ಹನಿಯನ್ನೂ ಹೊರಗೆ ಬಿಡಬಾರದು, ಆವಿ ಮಾಡಿ, ಗೊಬ್ಬರ ಮಾಡಿ ಅಥವಾ ಸುಟ್ಟು ಮುಗಿಸಬೇಕು ಎಂಬ ನಿಯಮ ಬಂದದ್ದು ಇದರಿಂದಲೇ.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಅಲ್ಲಿಯೂ ಕೊಳಚೆಯಿಂದ ಆಮ್ಲಜನಕ ಕುಸಿದದ್ದು ಮುಖ್ಯ ಕಾರಣವಾಗಿತ್ತು.

ಎರಡು ಬಗೆಯ ಸಾವನ್ನು ದಂಡೆಯ ಮೇಲೆ ನಿಂತೇ ಸ್ವಲ್ಪ ಮಟ್ಟಿಗೆ ಗುರುತಿಸಬಹುದು. ಉಸಿರುಗಟ್ಟಿದ ಮೀನು ನೀರಿನ ಮೇಲೆ ಬಂದು ಬಾಯಿ ಬಿಡುತ್ತದೆ. ಇದು ಹೆಚ್ಚಾಗಿ ನಸುಕಿನಲ್ಲಿ ಕಾಣುತ್ತದೆ. ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಮೇಲಿನ ಗಾಳಿಯನ್ನೇ ಕುಡಿಯಬಲ್ಲ ಮುರ್ರೆಲ್‌ನಂತಹ ಮೀನುಗಳು ಉಳಿದುಕೊಳ್ಳುತ್ತವೆ. ವಿಷ ತಗುಲಿದಾಗ ಹೊತ್ತುಗೊತ್ತಿಲ್ಲ. ಮೀನು ಸುತ್ತುತ್ತದೆ, ಎಗರುತ್ತದೆ, ಪಕ್ಕಕ್ಕೆ ವಾಲುತ್ತದೆ. ಮರಿ, ದೊಡ್ಡದು ಎನ್ನದೆ ಸಾಯುತ್ತವೆ. ಜೊತೆಗೆ ಏಡಿ, ಶಂಖದ ಹುಳು, ನೀರಿನ ಕೀಟಗಳೂ ಸತ್ತಿರುತ್ತವೆ. ಖಚಿತವಾಗಿ ಹೇಳಬೇಕಾದರೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಬಣ್ಣದ ನೀರು ಮತ್ತು ಚರಂಡಿ

ಒಂದೊಂದಾಗಿ ನೋಡಿದಾಗ ಸಾಧುವಾಗಿ ಕಾಣುವ ವಸ್ತುಗಳು ಕೂಡಿದಾಗ ರೌದ್ರವಾಗುವುದುಂಟು. ಊರಿನ ಚರಂಡಿಯಲ್ಲಿ ಅಮೋನಿಯ ಯಾವಾಗಲೂ ಇರುತ್ತದೆ. ನೀರು ಆಮ್ಲವೂ ಕ್ಷಾರವೂ ಅಲ್ಲದ ಸ್ಥಿತಿಯಲ್ಲಿದ್ದಾಗ, ಅಂದರೆ ಪಿಎಚ್ 7 ಇದ್ದಾಗ, 25 ಡಿಗ್ರಿ ಬಿಸಿಯಲ್ಲಿ ಅದರ ನೂರನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಮೀನನ್ನು ಕೊಲ್ಲುವ ರೂಪದಲ್ಲಿರುತ್ತದೆ. ಅದಕ್ಕೆ ಬಣ್ಣದ ಮನೆಯ ಕಾಸ್ಟಿಕ್ ನೀರು ಸೇರಿ ಪಿಎಚ್ 9ಕ್ಕೆ ಏರಿತೆಂದರೆ, ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಮಾರಕ ರೂಪ ತಾಳುತ್ತದೆ. ಹೊಸ ವಿಷವೇನೂ ಬಂದಿಲ್ಲ, ಇದ್ದದ್ದೇ ವಿಷವಾಯಿತು. ಹೈಡ್ರೋ ಬೇರೆ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಗಾಢ ಬಣ್ಣ ಬಿಸಿಲನ್ನು ತಡೆದು ಪಾಚಿಯ ಬೆಳವಣಿಗೆಯನ್ನು ನಿಲ್ಲಿಸುತ್ತದೆ.

ಇದಕ್ಕೆ ವಿರುದ್ಧವಾಗಿ, ಸುಣ್ಣಾಂಶವುಳ್ಳ ಗಡಸು ನೀರಿನಲ್ಲಿ ತಾಮ್ರ, ಸತುಗಳಂತಹ ಲೋಹಗಳ ತೀಕ್ಷ್ಣತೆ ಕಡಿಮೆಯಾಗುತ್ತದೆ. ಮೆದು ನೀರಿನಲ್ಲಿ ಹೆಚ್ಚುತ್ತದೆ. ಆದ್ದರಿಂದ ಬೇರೆಲ್ಲಿಯೋ ಮಾಡಿದ ಪರೀಕ್ಷೆಯ ಅಂಕಿಯನ್ನು ನಮ್ಮ ಹೊಳೆಗೆ ಹಾಗೆಯೇ ಅಂಟಿಸುವಂತಿಲ್ಲ. ನಮ್ಮ ಹೊಳೆಯ ನೀರಿನಲ್ಲಿ, ಕಾರ್ಖಾನೆಯಿಂದ ನಿಜವಾಗಿ ಹೊರಬರುವ ನೀರನ್ನೇ ಬೆರೆಸಿ ಪರೀಕ್ಷಿಸಬೇಕು.

ಕೆಲವು ಬಣ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೈನುಗಳನ್ನು ಬಿಡುತ್ತವೆ ಎಂದು ತಿಳಿದ ಮೇಲೆ ಜರ್ಮನಿ 1994ರಲ್ಲಿ ಅವುಗಳನ್ನು ನಿಷೇಧಿಸಿತು. ಭಾರತ ಸರ್ಕಾರವೂ 1997ರಲ್ಲಿ ಅಂತಹ ಅನೇಕ ಅಜೋ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಹೆಸರಿಲ್ಲದ, ಲೇಬಲ್ ಇಲ್ಲದ ಅಗ್ಗದ ಬಣ್ಣವನ್ನು ಕೊಳ್ಳುವ ಮೊದಲು ನೇಕಾರ ಬಂಧುಗಳು ಇದನ್ನು ನೆನೆಯಬೇಕು.

ಕಾನೂನು ಏನು ಹೇಳುತ್ತದೆ?

1974ರ ಜಲ ಕಾಯಿದೆ ಮತ್ತು 1986ರ ಪರಿಸರ ಸಂರಕ್ಷಣಾ ನಿಯಮಗಳು ನಮಗೆ ರಕ್ಷಣೆ ನೀಡಿವೆ. ಹೊಳೆ, ಕೆರೆಗಳಿಗೆ ಬಿಡುವ ನೀರಿನ ಸಾಮಾನ್ಯ ಮಾನದಂಡದಲ್ಲಿ ಒಂದು ಸಾಲು ಗಮನಾರ್ಹವಾಗಿದೆ: ಏನನ್ನೂ ಬೆರೆಸದ, ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲೇ ಮೀನು ಬಿಟ್ಟರೆ 96 ಗಂಟೆಗಳ ನಂತರ ಶೇ. 90ರಷ್ಟು ಬದುಕಿರಬೇಕು. ಜೊತೆಗೆ ಪಿಎಚ್ 5.5ರಿಂದ 9ರ ಒಳಗೆ, ತೀಕ್ಷ್ಣ ರೂಪದ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ, ಉಳಿಕೆ ಕ್ಲೋರಿನ್ 1 ಮಿಲಿಗ್ರಾಂ ಮೀರಬಾರದು.

ಕಾಗದದ ಮೇಲಿನ ನಿಯಮಕ್ಕೆ ಜೀವ ಬರುವುದು ಜನ ಕೇಳಿದಾಗ. ಹರಿಹರದ ಬಳಿ ತುಂಗಭದ್ರಾ ನದಿಯಲ್ಲಿ ಮೀನು ಸಾಯುತ್ತಿವೆ, ದಂಡೆಯ ಜನರ ಆರೋಗ್ಯ ಕೆಡುತ್ತಿದೆ ಎಂಬ ದೂರು 1980ರ ದಶಕದಲ್ಲಿ ದೊಡ್ಡ ಚಳವಳಿಯಾಗಿ, ಸಮಾಜ ಪರಿವರ್ತನ ಸಮುದಾಯದಂತಹ ಸಂಘಟನೆಗಳು ಅದನ್ನು ಮುಂದಕ್ಕೆ ಒಯ್ದವು. ಜಪಾನಿನ ಮಿನಮಾಟದಲ್ಲಿ ಕೇಳುವವರ ಧ್ವನಿ ಮುಟ್ಟಲು ತಡವಾಯಿತು. ಅಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಗೆ ಸೇರಿ, ಮೀನಿನ ಮೈಯಲ್ಲಿ ಕೂಡಿಕೊಂಡು, ಅದನ್ನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು. ಮುಂದೆ ಮನುಷ್ಯರಲ್ಲಿ ನಡುಕ, ಕುರುಡು, ಗರ್ಭದ ಶಿಶುಗಳಿಗೆ ಊನ. ರೋಗ ಅಧಿಕೃತವಾಗಿ ಪತ್ತೆಯಾದದ್ದು 1956ರಲ್ಲಿ; ಕಾರಣ ಕಾರ್ಖಾನೆಯೇ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಆ ಹನ್ನೆರಡು ವರ್ಷ ಜನ ಮೀನು ತಿನ್ನುತ್ತಲೇ ಇದ್ದರು.

ನೀವು ಏನು ಮಾಡಬಹುದು?

ಸತ್ತು ತೇಲಿದ ಮೀನನ್ನು ತಿನ್ನಬೇಡಿ, ಮಾರಬೇಡಿ, ಕೋಳಿ-ನಾಯಿಗಳಿಗೂ ಹಾಕಬೇಡಿ. ಬಿಸಿಲಲ್ಲಿ ಒಣಗಿಸಿದರೆ ಅಥವಾ ಮಸಾಲೆ ಹಚ್ಚಿ ಕರಿದರೆ ವಿಷ ಹೋಗುವುದಿಲ್ಲ. ಹಾಗೆಂದು ಮೀನೂಟವನ್ನೇ ಬಿಡಬೇಕಾಗಿಲ್ಲ. ಜೀವಂತವಾಗಿ ಹಿಡಿದ ತಾಜಾ ಮೀನು ಉತ್ತಮ ಆಹಾರ. ಕರುಳು, ಕಿವಿರು ತೆಗೆದು ಬಳಸಿ.

ನೀರಿನ ಬಣ್ಣ, ವಾಸನೆ ಕೆಟ್ಟಿದ್ದರೆ ಕುದಿಸಿದರೆ ಸರಿಹೋಗುತ್ತದೆ ಎಂದು ನಂಬಬೇಡಿ. ಕುದಿಸುವುದರಿಂದ ರೋಗಾಣು ಸಾಯುತ್ತವೆ. ಲೋಹ, ಲವಣ, ಬಣ್ಣ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನಷ್ಟು ದಟ್ಟವಾಗುತ್ತವೆ. ಅಂತಹ ದಿನ ಬೇರೆ ಮೂಲದ ನೀರು ಬಳಸಿ. ಎಳೆಯ ಮಕ್ಕಳು, ಬಸುರಿಯರ ವಿಷಯದಲ್ಲಿ ಇದನ್ನು ತಪ್ಪಿಸಬೇಡಿ.

ಮೀನು ಸತ್ತದ್ದು ಕಂಡರೆ ತಡಮಾಡದೆ ಪುರಸಭೆ ಅಥವಾ ಗ್ರಾಮ ಪಂಚಾಯಿತಿ, ಮೀನುಗಾರಿಕೆ ಇಲಾಖೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಲಿಖಿತವಾಗಿ ತಿಳಿಸಿ. ಅವರು ಬರುವವರೆಗೆ ಕಾಯದೆ ಶುದ್ಧ ಗಾಜಿನ ಬಾಟಲಿಯಲ್ಲಿ, ಒಳಗೆ ಗಾಳಿ ಉಳಿಯದಂತೆ ಕಂಠದವರೆಗೆ ನೀರು ತುಂಬಿ ಮುಚ್ಚಿಡಿ. ಮೀನು ಸತ್ತ ಕಡೆ ಒಂದು, ಅದಕ್ಕಿಂತ ಮೇಲ್ಗಡೆ ಹೊಳೆಯಲ್ಲಿ ಒಂದು ಬಾಟಲಿ ಇರಲಿ. ಸಾಯುತ್ತಿರುವ ಮೀನು ಎರಡು-ಮೂರನ್ನು ಬರ್ಫದಲ್ಲಿಡಿ. ಸ್ಥಳ, ದಿನ, ಹೊತ್ತು ಬರೆದು ಫೋಟೋ ತೆಗೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ.

ಬಣ್ಣದ ಕೆಲಸದವರು ಕೈಗವಸಿಲ್ಲದೆ ಕಾಸ್ಟಿಕ್ ಮುಟ್ಟಬಾರದು. ಬ್ಲೀಚಿಂಗ್ ಪುಡಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಎದ್ದು ಪುಪ್ಪುಸವನ್ನು ಸುಡುತ್ತದೆ. ಹೈಡ್ರೋ ಡಬ್ಬಿಗೆ ತೇವ ತಗುಲಿದರೆ ಬೆಂಕಿಯೇ ಹತ್ತಬಹುದು. ಡ್ರಮ್ಮಿನ ಮೇಲೆ ಒಣಗಿದ ಮರ, ಸತ್ತ ಮೀನಿನ ಚಿತ್ರವಿದ್ದರೆ ಅದು ಜಲಜೀವಿಗಳಿಗೆ ವಿಷ ಎಂಬ ಅಂತರರಾಷ್ಟ್ರೀಯ ಗುರುತು. ಮಾರುವವರನ್ನು ಅದರ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಅದರ 12ನೆಯ ಭಾಗದಲ್ಲಿ ಮೀನು, ನೀರುಚಿಗಟ, ಪಾಚಿಗಳ ಅಂಕಿಗಳು ಇರುತ್ತವೆ. ಅಂಕಿ ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಅತಿ ವಿಷದ ಸಾಲಿಗೆ ಸೇರಿದ್ದು. ಅದರ ಬದಲು ಬೇರೆ ವಸ್ತು ಸಿಗುವುದೇ ವಿಚಾರಿಸಿ. ಒಬ್ಬೊಬ್ಬ ಬಣ್ಣಗಾರನಿಗೆ ಶುದ್ಧೀಕರಣ ಘಟಕ ಕಟ್ಟುವುದು ಹೊರೆ. ಎಲ್ಲರೂ ಕೂಡಿ ಸಾಮೂಹಿಕ ಘಟಕ ಕೇಳುವುದು ಸಾಧ್ಯ.

ಸರ್ಕಾರದ ದಾರಿ ಕಾಯದೆ ತಮ್ಮ ಹಣ, ತಮ್ಮ ದುಡಿಮೆಯಿಂದ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು ಇದೇ ಸೀಮೆಯ ರೈತರು. ‘ಶ್ರಮಬಿಂದು ಸಾಗರ’ ಎಂದು ಅದಕ್ಕೆ ಹೆಸರು. ನೀರನ್ನು ಹಿಡಿದು ನಿಲ್ಲಿಸಲು ಒಂದಾದ ಜನ ಅದನ್ನು ಶುದ್ಧವಾಗಿಡಲೂ ಒಂದಾಗಬೇಕು. ವರ್ಷಕ್ಕೆ ಎರಡು ಸಲ, ನುರಿಸುವ ಹಂಗಾಮಿನ ನಡುವೆ ಒಮ್ಮೆ, ಕಡುಬೇಸಿಗೆಯಲ್ಲಿ ಒಮ್ಮೆ, ನಮ್ಮೂರ ಹೊಳೆಯ ಹಾಗೂ ಅದಕ್ಕೆ ಸೇರುವ ನಾಲೆಗಳ ನೀರಿನಲ್ಲಿ ಮೀನು ಪರೀಕ್ಷೆ ನಡೆಸಿ ಫಲಿತಾಂಶವನ್ನು ಪುರಸಭೆಯ ಫಲಕದಲ್ಲಿ ಹಾಕಿ ಎಂದು ಕೇಳುವ ಹಕ್ಕು ನಿಮಗಿದೆ. ಮುಂದಿನ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಇದನ್ನು ಎತ್ತಿ.